ನ್ಯಾಯಸ್ಥಾಪಕರೂ ಕುಮ್ಮಟದ ರಾಮನೂ

ಇಸ್ರಾಯೇಲ್ಯರ ಚರಿತ್ರೆಯಲ್ಲಿ ಅರಸುತನಕ್ಕೆ ಮುಂಚೆ ಕುಲನಾಯಕರ ಕಾಲವೊಂದುಂಟು. ಅದನ್ನು ಹೇಳುವ ಗ್ರಂಥಕ್ಕೆ ಕನ್ನಡ ಬೈಬಲ್ಲಿನಲ್ಲಿ ‘ನ್ಯಾಯಸ್ಥಾಪಕರು’ ಎಂದು ಹೆಸರು. ಸಮಗ್ರ ಬೈಬಲ್ಲು ಕನ್ನಡದಲ್ಲಿ ಮೊದಲು ಹೊರಬಂದುದು 1831ರಲ್ಲಿ, ಬಳ್ಳಾರಿಯ ಪಾದ್ರಿಗಳಾದ ಹ್ಯಾಂಡ್ಸ್, ರೀವ್ ಇವರ ಶ್ರಮದಿಂದ. ಆ ಬಳ್ಳಾರಿಗೆ ದೂರವಲ್ಲದ ಗಂಗಾವತಿ ಕೊಪ್ಪಳಗಳ ಗುಡ್ಡಸೀಮೆಯಲ್ಲಿ ಕುಮ್ಮಟದುರ್ಗವಿರುವುದು. ಅಲ್ಲಿಯ ಕುಮಾರರಾಮನ ಕಥೆಯನ್ನು ನಂಜುಂಡಕವಿಯು ಹದಿನಾರನೆಯ ಶತಮಾನದಲ್ಲಿ ಸಾಂಗತ್ಯವಾಗಿ ರಚಿಸಿದನು. ಇವೆರಡನ್ನೂ ಕೂಡಿ ಓದಿದಲ್ಲಿ ನಮ್ಮ ಕಾವ್ಯದ ಮರ್ಮವೊಂದು ತೆರೆಯುವುದು.

ಮೊದಲ ನೋಟಕ್ಕೆ ರಾಮನಿಗೆ ಸರಿಯಾಗಿ ನಿಲ್ಲುವವನು ಸಂಸೋನನು. ಇಬ್ಬರೂ ಮಹಾಬಲರು, ಇಬ್ಬರಿಗೂ ಕೇಡು ಬಂದುದು ಸ್ತ್ರೀನಿಮಿತ್ತವಾಗಿ. ಆದರೆ ಸಂಸೋನನು ದೆಲೀಲಳಿಗೆ ಮನಸೋತು, ವ್ರತದ ಗುಟ್ಟನ್ನು ಬಿಟ್ಟುಕೊಟ್ಟು, ಕಣ್ಣು ಕಳೆದುಕೊಂಡು ಗಾಜದ ಸೆರೆಯಲ್ಲಿ ಬೀಸುವ ಕಲ್ಲನ್ನು ತಿರುವಿದನು. ರಾಮನಾದರೋ ಪರನಾರೀಸಹೋದರನು. ಚೆಂಡನ್ನು ತರಲು ಹೋದವನು ಮಲತಾಯಿ ರತ್ನಾಜಿಯ ಆಸೆಗೆ ಬಗ್ಗದೆ ಮಿಥ್ಯಾಪವಾದಕ್ಕೆ ಗುರಿಯಾದನು. ಧೀರೋದಾತ್ತ ಲಕ್ಷಣವು ಇವನಿಗೆ ಹೊಂದುವುದು. ಸಂಸೋನನನ್ನು ಧೀರೋದ್ಧತನೆಂದರೂ ಅವನ ಮೋಹವು ಆ ಲಕ್ಷಣಕ್ಕೆ ಹೊರಗುಳಿಯುವುದು. ಹೀಗಿದ್ದೂ ದೋಷವಂತನಾದ ಅವನು ತನ್ನ ಜನರ ಶತ್ರುಗಳನ್ನು ಮುರಿದನು. ನಿರ್ದೋಷಿಯಾದ ರಾಮನು ಮಡಿದನು, ಕಂಪಿಲಿಯು 1327ರ ಸುಮಾರಿಗೆ ದಿಲ್ಲಿಯ ಸೈನ್ಯದ ವಶವಾಯಿತು.

ಬಲವು ನಾಯಕನದಲ್ಲ, ಈಶ್ವರನದು ಎಂಬುದು ಇಸ್ರಾಯೇಲ್ಯರ ಗ್ರಂಥದ ಮತ. ಆದುದರಿಂದಲೇ ಗಿದ್ಯೋನನ 32,000 ಮಂದಿಯಲ್ಲಿ 300 ಜನರನ್ನು ಮಾತ್ರ ಯುದ್ಧಕ್ಕೆ ಉಳಿಸಿದುದು. ಕಂಪಿಲಿಯ ಪತನಕ್ಕೆ ಬಹಾವುದ್ದೀನನಿಗೆ ಆಶ್ರಯವಿತ್ತುದು ಕಾರಣವೆಂದು ಚರಿತ್ರಕಾರರು ಹೇಳುವರು; ಅದು ನಿಜವೇ. ಕಾವ್ಯವು ಮನೆಯೊಳಗಿನ ಬಿರುಕನ್ನು ತೋರಿಸುವುದು: ಕಂಪಿಲನು ಮಗನನ್ನು ವಿಚಾರಿಸದೆಯೇ ತಲೆ ತೆಗೆಯಲು ಆಜ್ಞಾಪಿಸುತ್ತಾನೆ. ಇಸ್ರಾಯೇಲಿನಲ್ಲಿ ಅರಸನಿರಲಿಲ್ಲ, ಆದರೂ ಖರ್ಜೂರದ ಮರದಡಿ ಕುಳಿತು ವ್ಯಾಜ್ಯ ಕೇಳುವ ದೆಬೋರಳಿದ್ದಳು. ಕುಮ್ಮಟದಲ್ಲಿ ಅರಸನಿದ್ದನು, ವ್ಯಾಜ್ಯ ಕೇಳುವವನಿರಲಿಲ್ಲ.

ಆ ಕೆಲಸವು ಮಂತ್ರಿ ಬೈಚಪ್ಪನ ಪಾಲಿಗೆ ಬಂದಿತು. ರಾಮನದೆಂದು ಬೇರೆ ತಲೆಯನ್ನು ತೋರಿಸಿ, ಅವನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಕಾಯ್ದವನು ಈತನೇ. ಪಾಠ ಹೇಳುವವರು ಇವನನ್ನು ಸ್ವಾಮಿಭಕ್ತನೆಂದು ಹೊಗಳಿ ಮುಂದೆ ಸಾಗುವುದು ಸಾಲದು. ರಾಮನಿಗಾಗಿ ಹೋದ ತಲೆಯ ನ್ಯಾಯವನ್ನು ಕೇಳುವವರಾರು ಎಂಬುದನ್ನೂ ವಿದ್ಯಾರ್ಥಿಗಳ ಮುಂದಿಡಬೇಕು. ಯೆಫ್ತಾಹನು ಹರಕೆಗಾಗಿ ತೆತ್ತ ಮಗಳಿಗೆ ಹೆಸರಿಲ್ಲ. ಆದರೆ ಅವಳಿಗಾಗಿ ಇಸ್ರಾಯೇಲಿನ ಕನ್ಯೆಯರು ವರ್ಷಕ್ಕೆ ನಾಲ್ಕು ದಿನ ಶೋಕಿಸುತ್ತಿದ್ದರೆಂದು ಆ ಗ್ರಂಥಕಾರನು ಮರೆಯದೆ ಬರೆದಿಟ್ಟಿದ್ದಾನೆ.