ಪಾಟ್ನಾದ ಕುಂಚ, ಕಲ್ಕತ್ತೆಯ ಹಕ್ಕಿ

ಮಿನಿಯೇಚರ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಅಂಗೈಯಗಲದ ಚಿತ್ರ. ಆದರೆ ಆ ಪದವು ಚಿಕ್ಕದು ಎಂಬ ಅರ್ಥದಿಂದ ಹುಟ್ಟಿದುದಲ್ಲ. ಲ್ಯಾಟಿನ್ ಭಾಷೆಯಲ್ಲಿ ಸಿಂಧೂರಕ್ಕೆ ಮಿನಿಯಮ್ ಎಂದು ಹೆಸರು, ಹಸ್ತಪ್ರತಿಗಳ ಅಕ್ಷರಗಳನ್ನು ಆ ಕೆಂಬಣ್ಣದಿಂದ ಸಿಂಗರಿಸುವ ಕೆಲಸದಿಂದ ಅದು ಬಂದಿತು, ಕಿರಿದೆಂಬ ಅರ್ಥ ಕಾಲಕ್ರಮದಲ್ಲಿ ಅಂಟಿಕೊಂಡಿತು. ಈ ಕಲೆಯ ತಿರುಳನ್ನು ಹಾಳೆಯ ಅಳತೆಯಲ್ಲಿ ಅರಸದೆ ಕಣ್ಣಿನ ತಾಳ್ಮೆಯಲ್ಲಿ ಅರಸಬೇಕೆಂಬುದಕ್ಕೆ, ಹದಿನೆಂಟನೆಯ ಶತಮಾನದ ಕಲ್ಕತ್ತೆಯಲ್ಲಿ ಹಕ್ಕಿಗಳನ್ನೂ ಮೃಗಗಳನ್ನೂ ಬರೆದ ಶೇಖ್ ಜೈನುದ್ದೀನನ ಚಿತ್ರಗಳಿಗಿಂತ ಬಲವಾದ ಸಾಕ್ಷ್ಯವನ್ನು ನಾನು ಕಾಣೆ.

ಅವನನ್ನು ತೂಗಿ ನೋಡಲು ತಕ್ಕ ತಕ್ಕಡಿಯೂ ಅದೇ ನಗರದಲ್ಲಿದೆ. ಚೌರಂಗಿಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿ, ಮೊಘಲ್ ದೊರೆ ಜಹಾಂಗೀರನಿಂದ ‘ನಾದಿರ್-ಉಲ್-ಅಸ್ರ್’, ಎಂದರೆ ಯುಗದ ಅದ್ಭುತ, ಎಂಬ ಬಿರುದನ್ನು ಪಡೆದ ಉಸ್ತಾದ್ ಮನ್ಸೂರನು ಬರೆದ ಸೈಬೀರಿಯಾದ ಬಿಳಿ ಕ್ರೌಂಚವಿದೆ. ಪಲ್ಲಾಸನೆಂಬ ವಿಜ್ಞಾನಿ 1773ರಲ್ಲಿ ಆ ಪಕ್ಷಿಗೆ ಶಾಸ್ತ್ರೀಯ ನಾಮಕರಣ ಮಾಡುವುದಕ್ಕೆ ಸುಮಾರು ಒಂದೂವರೆ ಶತಮಾನ ಮುಂಚೆಯೇ ನಮ್ಮ ಚಿತ್ರಕಾರನೊಬ್ಬನು ಅದನ್ನು ನಿರುಕಿಸಿ ಬರೆದಿದ್ದನು. ಹಾಳೆಯ ಮೇಲೆ ಹಾಳೆಯನ್ನು ಅಂಟಿಸಿ, ನುಣುಪು ಕಲ್ಲಿನಿಂದ ಉಜ್ಜಿ ಹೊಳಪೇರಿಸಿ, ಅಳಿಲಿನ ಬಾಲದ ಕೂದಲಿನ ಕುಂಚದಿಂದ ಗೋಂದು ಬೆರೆತ ಬಣ್ಣವನ್ನು ಪದರಪದರವಾಗಿ ಹಚ್ಚುವ ಆ ಪದ್ಧತಿಯು, ಮೈಸೂರಿನ ಸಾಂಪ್ರದಾಯಿಕ ಚಿತ್ರಗಳನ್ನು ಬಲ್ಲ ನಮಗೆ ದೂರದ ನಂಟಿನಂತೆ ತೋರುವುದು.

ಆ ಮ್ಯೂಸಿಯಮ್ಮಿನಿಂದ ಸ್ವಲ್ಪ ದೂರ ನಡೆದರೆ ಪಾರ್ಕ್ ಸ್ಟ್ರೀಟ್. ಕಲ್ಕತ್ತೆಯ ಸುಪ್ರೀಮ್ ಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶನಾಗಿ 1774ರಲ್ಲಿ ಬಂದ ಎಲೈಜಾ ಇಂಪೆಯ ಜಿಂಕೆವನದಿಂದ ಆ ಬೀದಿಗೆ ಹೆಸರು ಬಂದಿತು. ಅವನ ಪತ್ನಿ ಮೇರಿ ಇಂಪೆಯು ತಾನು ಸಾಕಿದ ಪಶುಪಕ್ಷಿಗಳನ್ನು ಬರೆಯಿಸಲೆಂದು ಪಾಟ್ನಾದಿಂದ ಮೂವರನ್ನು ಕರೆಯಿಸಿದಳು: ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್. 1777ರಿಂದ 1782ರವರೆಗೆ ಅವರ ಕೈಯಿಂದ ಮುನ್ನೂರಕ್ಕೂ ಹೆಚ್ಚು ಚಿತ್ರಗಳು ಹೊರಬಂದವು. ಪುಸ್ತಕದ ಪುಟಕ್ಕೆ ಒಗ್ಗಿದ್ದ ಕೈಗಳ ಮುಂದೆ ಇಂಗ್ಲೆಂಡಿನ ದೊಡ್ಡ ವಾಟ್‌ಮನ್ ಕಾಗದವನ್ನು ಹರಡಲಾಯಿತು. ಎಷ್ಟೋ ಹಕ್ಕಿಗಳು ತಮ್ಮ ನಿಜವಾದ ಗಾತ್ರದಲ್ಲಿಯೇ ಅದರ ಮೇಲೆ ಬಂದು ಕುಳಿತವು. ಹಾಳೆ ಬೆಳೆಯಿತು, ಆದರೆ ಕುಂಚದ ಮೊನೆ ದಪ್ಪವಾಗಲಿಲ್ಲ. ಜೈನುದ್ದೀನನ ಸಿದ್ಧಿಯೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಅವನ 1778ರ ಚಿತ್ರವನ್ನು ನೋಡಿರಿ. ನಮ್ಮ ತೋಟಗಳ ನೆರಳಿನಲ್ಲಿ ತರಗೆಲೆ ಕೆದಕುವ ಕಿತ್ತಳೆ ತಲೆಯ ನೆಲಸಿಳ್ಳಾರವು ಬಸವನಪಾದದ ಹೂಗೊಂಬೆಯ ಮೇಲೆ ಕುಳಿತಿದೆ. ಜೊತೆಗೆ ಬೆನ್ನಿನ ಮೇಲೆ ತಲೆಬುರುಡೆಯ ಗುರುತನ್ನು ಹೊತ್ತ ಒಂದು ಪತಂಗ. ಗೊರಸಿನಂತೆ ಸೀಳಿದ ಎಲೆಯನ್ನು ನೋಡಿದ ಮಾತ್ರಕ್ಕೆ ಗಿಡವಾವುದೆಂದು ಹಳ್ಳಿಯ ಹುಡುಗನೂ ಹೇಳಿಯಾನು. ಹಕ್ಕಿಗೆ ಸಲ್ಲುವಷ್ಟೇ ಗೌರವವು ಎಲೆಗೂ ಹುಳುವಿಗೂ ಸಂದಿದೆ. ಅಪ್ರಧಾನವೆಂದು ಯಾವುದನ್ನೂ ತಳ್ಳದ ಈ ಸಮದೃಷ್ಟಿಯೇ ಮೊಘಲ್ ಚಿತ್ರಶಾಲೆಯಿಂದ ಅವನಿಗೆ ಬಂದ ನಿಜವಾದ ಪಿತ್ರಾರ್ಜಿತ. ಮೆಟ್ರೊಪಾಲಿಟನ್ನಿನಲ್ಲಿಯೇ ಇರುವ, ಭವಾನಿ ದಾಸನದೋ ಅವನ ಅನುಯಾಯಿಯದೋ ಎನ್ನಲಾದ ಬಾವಲಿಯ ಚಿತ್ರದಲ್ಲಿ, ಒಂದು ರೆಕ್ಕೆ ಅರಳಿ ಇನ್ನೊಂದು ಮಡಿಸಿಕೊಂಡಿರುವುದರಿಂದ, ಹಾರಾಟದ ಯಂತ್ರವೂ ವಿಶ್ರಾಂತಿಯ ಭಂಗಿಯೂ ಏಕಕಾಲಕ್ಕೆ ಕಣ್ಣಿಗೆ ಬೀಳುತ್ತವೆ.

ಆದರೂ ಇಲ್ಲಿ ಒಂದು ನಷ್ಟವಿದೆ, ಅದನ್ನು ಮುಚ್ಚಿಡಲಾಗದು. ಕೊಂಬೆಯು ಎಲ್ಲಿಂದಲೋ ಬಂದು ಬಿಳಿಯ ಬಯಲಿನಲ್ಲಿ ಕೊನೆಗಾಣುತ್ತದೆ. ನೆಲವಿಲ್ಲ, ಆಕಾಶವಿಲ್ಲ, ಗಾಳಿಯಿಲ್ಲ. ಜೀವಿಯನ್ನು ಅದರ ಇರವಿನಿಂದ ಬಿಡಿಸಿ ತೋರಿಸುವುದು ಯೂರೋಪಿನ ಶಾಸ್ತ್ರಗ್ರಂಥಗಳ ಬೇಡಿಕೆಯಾಗಿತ್ತು, ಇಂಪೆಯ ಸಂಗ್ರಹದ ಚಿತ್ರಗಳನ್ನು ಆಧರಿಸಿಯೇ ಜಾನ್ ಲೇಥಮ್ ಎಂಬ ಇಂಗ್ಲಿಷ್ ಪಕ್ಷಿಶಾಸ್ತ್ರಜ್ಞನು ಹಲವು ಹಕ್ಕಿಗಳನ್ನು ವರ್ಣಿಸಿದನು. ಜೈನುದ್ದೀನನಲ್ಲಿ ಆ ಶೂನ್ಯವನ್ನು ರೇಖೆಯ ಉಸಿರು ತುಂಬುತ್ತದೆ, ಮುಂದಿನವರೆಲ್ಲರಲ್ಲಿ ಹಾಗಾಗಲಿಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದುದರಿಂದ ನಮಗೆ ಪರಿಚಿತನಾದ ಫ್ರಾನ್ಸಿಸ್ ಬುಕಾನನ್ನನು ಕೆಲವೇ ವರ್ಷಗಳ ತರುವಾಯ ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದ ಮೃಗಾಲಯದಲ್ಲಿ ಹಾಲುದಾರ್ ಮೊದಲಾದವರಿಂದ ಪ್ರಾಣಿಚಿತ್ರಗಳನ್ನು ಬರೆಯಿಸಿದನು. ಅವು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಚೇರಿಯ ದಾಖಲೆಯಾಗಿ ಕಲೆ ಬಳಕೆಗೆ ಬಂದಾಗ ನಿಖರತೆ ಉಳಿದು ಬೆರಗು ಸಣ್ಣಗಾಗುವುದು ಸಹಜ.

ಇಂಪೆ ದಂಪತಿಗಳು 1783ರಲ್ಲಿ ಸ್ವದೇಶಕ್ಕೆ ಹೊರಟರು. 1810ರಲ್ಲಿ ಲಂಡನ್ನಿನ ಹರಾಜಿನಲ್ಲಿ ಆ ಸಂಗ್ರಹ ಚೆದುರಿಹೋಯಿತು. ಚೌರಂಗಿಯಲ್ಲಿ ಉಳಿದುದು ಮನ್ಸೂರನ ಕ್ರೌಂಚ. ಆ ಜಾತಿಯ ಹಕ್ಕಿ ಭರತಪುರದ ಕೆರೆಗೆ ಬಂದುದನ್ನು ಜನ ಕೊನೆಗೆ ಕಂಡುದು 2001–02ರ ಚಳಿಗಾಲದಲ್ಲಿ. ನಾಡಿನಿಂದ ಹಕ್ಕಿ ಹೋದ ಮೇಲೆ ಚಿತ್ರಕಾರನ ತಾಳ್ಮೆಯು ಅಲಂಕಾರವಾಗಿ ಮಾತ್ರ ಉಳಿಯದೆ ಸಾಕ್ಷಿಯಾಗುತ್ತದೆ.

ಇಂಥ ಚಿತ್ರಗಳನ್ನು ನಾವು ಇಂದಿಗೂ ‘ಕಂಪನಿ ಶೈಲಿ’ ಎಂದು, ಕೊಂಡವರ ಹೆಸರಿನಿಂದಲೇ ಕರೆಯುತ್ತಿದ್ದೇವೆ. ಹಾಳೆಯಾದರೋ ಅದಕ್ಕಿಂತ ನ್ಯಾಯವಂತವಾಗಿದೆ: ಲೇಡಿ ಇಂಪೆಯ ಸಂಗ್ರಹವೆಂದು ಇಂಗ್ಲಿಷಿನಲ್ಲಿ ಬರೆದಿರುವ ಅಂಚಿನಲ್ಲಿಯೇ, ಪಾಟ್ನಾ ನಿವಾಸಿ ಜೈನುದ್ದೀನನ ಹೆಸರು ಪಾರಸಿ ಲಿಪಿಯಲ್ಲಿಯೂ ಉಳಿದಿದೆ. ನಮ್ಮ ವಿಮರ್ಶೆ ಮೊದಲು ಓದಬೇಕಾದುದು ಆ ಹೆಸರನ್ನು.