ಪಂಚುವಿನ ಬಟ್ಟೆ ಗಂಟು

ನಮ್ಮಜ್ಜ ಸಂತೆಯಿಂದ ಸಂತೆಗೆ ಬಟ್ಟೆ ಗಂಟು ಹೊತ್ತು ಮಾರ್ತಿದ್ದ. ಅದಕ್ಕೇ ಇರಬೇಕು, ಟಾಗೋರರ ‘ಘರೇ ಬಾಯಿರೇ’ ಕಾದಂಬರಿ ಓದುವಾಗ ನನ್ನ ಕಣ್ಣು ಪಂಚು ಅನ್ನೋ ಬಡ ಒಕ್ಕಲಿನವನ ಮೇಲೆ ನಿಂತುಬಿಟ್ಟಿತು. ಜಮೀನ್ದಾರ ನಿಖಿಲ, ಅವನ ಹೆಂಡತಿ ಬಿಮಲಾ, ನಡುವೆ ಬಂದ ಮಾತುಗಾರ ಗೆಳೆಯ ಸಂದೀಪ, ಈ ಮೂವರ ಕಥೆ ಇದು ಅಂತ ಎಲ್ಲರೂ ಹೇಳ್ತಾರೆ. ಸರಿಯೇ. ಆದರೆ ಬಂಗಾಳ ಯಾಕೆ ಒಡೀತು ಅಂತ ಕೇಳುವವರು ಪಂಚುವಿನ ಗಂಟು ಬಿಚ್ಚಿ ನೋಡಬೇಕು.

1905ರ ಅಕ್ಟೋಬರ್ 16ರಂದು ಕರ್ಜನ್ನನ ಸರಕಾರ ಬಂಗಾಳವನ್ನು ಎರಡು ಮಾಡಿತು. ಅವತ್ತು ಟಾಗೋರರೇ ಬೀದಿಗಿಳಿದು ಹಿಂದೂ, ಮುಸ್ಲಿಮರೆನ್ನದೆ ರಾಖಿ ಕಟ್ಟಿದರು. ವಿದೇಶಿ ಬಟ್ಟೆ ಸುಡುವ ಸ್ವದೇಶಿ ಚಳವಳಿ ಹಬ್ಬಿತು. 1911ರಲ್ಲಿ ಬ್ರಿಟಿಷರು ವಿಭಜನೆಯನ್ನು ವಾಪಸ್ ತಗೊಂಡರು. ಶಾಲೆಯಲ್ಲಿ ನಾವು ಓದಿದ್ದು ಈ ಗೆಲುವಿನ ಕಥೆಯನ್ನೇ. 1916ರಲ್ಲಿ ಪುಸ್ತಕವಾಗಿ ಬಂದ ಈ ಕಾದಂಬರಿ ಬೇರೆಯದನ್ನೇ ಹೇಳುತ್ತದೆ.

ಸಾಲದ ದುಡ್ಡಲ್ಲಿ ವಿದೇಶಿ ಬಟ್ಟೆ ತಂದು ಮಾರಿ ಹೊಟ್ಟೆ ಹೊರೆಯುವವನು ಪಂಚು. ಅವನ ಜಮೀನ್ದಾರ ನೂರು ರೂಪಾಯಿ ದಂಡ ಹಾಕ್ತಾನೆ, ಬಟ್ಟೆ ಸುಡು ಅಂತಾನೆ. ದುಡ್ಡಿದ್ದವರು ನೀವೇ ಕೊಂಡು ಸುಡಿ ಅನ್ನೋ ಅರ್ಥದ ಮಾತಾಡಿ ಪಂಚು ಏಟು ತಿಂತಾನೆ. ಇತ್ತ ಮಿರ್ಜಾನನ ದೋಣಿಯನ್ನು ಚಳವಳಿಯವರು ಮುಳುಗಿಸ್ತಾರೆ. ಪೂರ್ವ ಬಂಗಾಳದಲ್ಲಿ ರೈತರು ಹೆಚ್ಚಾಗಿ ಮುಸ್ಲಿಮರು, ಜಮೀನ್ದಾರರು ಹೆಚ್ಚಾಗಿ ಹಿಂದೂಗಳು. ದುಬಾರಿ ಬಟ್ಟೆಯನ್ನೇ ಕೊಳ್ಳು ಅಂತ ಧಣಿ ಗದರಿಸಿದರೆ ಅದು ದೇಶಪ್ರೇಮ ಅಂತ ಯಾರಿಗೆ ಅನ್ನಿಸೀತು? ಕಾದಂಬರಿ ಗಲಭೆಯಲ್ಲಿ ಮುಗಿಯೋದು ಸುಮ್ಮನೆ ಅಲ್ಲ. ಮುಸ್ಲಿಂ ಲೀಗ್ 1906ರಲ್ಲಿ ಹುಟ್ಟಿದ್ದೂ ಢಾಕಾದಲ್ಲೇ. ಮುಂದೆ 1947ರಲ್ಲಿ, ಅಖಂಡ ಬಂಗಾಳಕ್ಕಾಗಿ ಹಿಂದೆ ಹೋರಾಡಿದ್ದ ಹಿಂದೂ ಮೇಲ್ವರ್ಗವೇ ಬಹುಪಾಲು ವಿಭಜನೆ ಬೇಕು ಅಂತು.

ನನ್ನ ತಕರಾರು ಒಂದಿದೆ. ಇಡೀ ಕಾದಂಬರಿಯನ್ನು ಆ ಮೂವರೇ ಸರದಿಯ ಮೇಲೆ ಹೇಳ್ತಾರೆ. ಪಂಚುವಿಗೆ ಒಂದು ಅಧ್ಯಾಯವೂ ಇಲ್ಲ. ಅವನ ಗೋಳು ನಮಗೆ ತಲುಪೋದು ಸಜ್ಜನ ಜಮೀನ್ದಾರ ನಿಖಿಲನ ಬಾಯಿಂದ. ಟಾಗೋರರು ಶಿಲಾಯಿದಹದಲ್ಲಿ ವರ್ಷಗಟ್ಟಲೆ ಮನೆತನದ ಜಮೀನ್ದಾರಿ ನೋಡಿಕೊಂಡವರು. ರೈತನ ಕಷ್ಟವನ್ನು ಹತ್ತಿರದಿಂದ ಕಂಡಿದ್ದರು. ಆದರೂ ಅವನಿಗೆ ಮರುಕ ಸಿಕ್ಕಿತು, ಮಾತು ಸಿಗಲಿಲ್ಲ.

ಆ ಮಾತು ಆಮೇಲೆ ಕಾದಂಬರಿಯ ಹೊರಗೆ ಕೇಳಿಸಿತು. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಹುಡುಗರು ಗುಂಡೇಟಿಗೆ ಬಲಿಯಾದರು. 1970ರ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160 ಅವಾಮಿ ಲೀಗಿಗೆ ಬಂದವು. ಹಳ್ಳಿಗಳು ಒಟ್ಟಾಗಿ ನಿಲ್ಲದೆ ಇದು ಆಗುವ ಮಾತಲ್ಲ. ಅಧಿಕಾರ ಕೊಡುವ ಬದಲು ಸೈನ್ಯ ಬಂತು. ಅಪಾರ ಸಾವುನೋವಿನ ನಂತರ 1971ರ ಡಿಸೆಂಬರ್ 16ರಂದು ಪಾಕಿಸ್ತಾನಿ ಸೈನ್ಯ ಢಾಕಾದಲ್ಲಿ ಶರಣಾಯಿತು.

ಹೊಸ ದೇಶ ತನ್ನ ರಾಷ್ಟ್ರಗೀತೆಯಾಗಿ ಆರಿಸಿಕೊಂಡಿದ್ದು ಟಾಗೋರರು 1905ರಲ್ಲಿ ಬರೆದ ‘ಅಮಾರ್ ಶೋನಾರ್ ಬಾಂಗ್ಲಾ’ವನ್ನು. ಮಿರ್ಜಾನನಂಥವರ ಮೊಮ್ಮಕ್ಕಳು ಅದನ್ನು ತಮ್ಮದು ಅಂದುಕೊಂಡರು. ಆದರೆ ಬಂಗಾಳ ಮಾತ್ರ ಮತ್ತೆ ಒಂದಾಗಲಿಲ್ಲ.

ಕಾದಂಬರಿ ಸಿಕ್ಕರೆ ಓದಿ. ಬಿಮಲಾಳ ಪುಟಗಳು ತಾವಾಗೇ ಓದಿಸಿಕೊಂಡು ಹೋಗ್ತವೆ. ಪಂಚು ಬಂದಾಗ ಸ್ವಲ್ಪ ನಿಧಾನ ಮಾಡಿ.