‘ಭಾಗ್ಯ’ಶಬ್ದ ವಿಚಾರ

ಎಡಕ್ಕೆ ವಾಲಿದ ಮಧ್ಯಮಮಾರ್ಗದ ಸರಕಾರಗಳಿಂದ ಜನಸೇವೆಗೂ ಸಮತೆಗೂ ಹಿತವೋ ಹಾನಿಯೋ ಎಂಬ ವಿವಾದದಲ್ಲಿ, ಅವು ಬಳಸುವ ಶಬ್ದಗಳ ವಿಮರ್ಶೆಯೂ ಆವಶ್ಯಕವೆಂದು ತೋರುತ್ತದೆ. ಸಿದ್ದರಾಮಯ್ಯನವರ ಸರಕಾರವು 2013ರ ಜುಲೈಯಲ್ಲಿ ಬಡಕುಟುಂಬಗಳಿಗೆ ಕಿಲೋಗ್ರಾಮಿಗೆ 1 ರೂಪಾಯಿಯಂತೆ ಅಕ್ಕಿ ಕೊಡುವ ಯೋಜನೆಗೆ ‘ಅನ್ನಭಾಗ್ಯ’ವೆಂದು ಹೆಸರಿಟ್ಟಿತು. ಭಾಗಶಬ್ದದಿಂದ ನಿಷ್ಪನ್ನವಾದ ಈ ಪದಕ್ಕೆ ಪಾಲಿಗೆ ಸಂದುದೆಂಬುದು ಯೌಗಿಕಾರ್ಥ, ಅದೃಷ್ಟವೆಂಬುದು ರೂಢ್ಯರ್ಥ. ಪಾಲನ್ನು ಕೇಳಿ ಪಡೆಯಬಹುದು, ಅದೃಷ್ಟಕ್ಕಾಗಿ ಕಾದಿರಬೇಕಷ್ಟೆ.

ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬರಲು, ಗೇಣಿದಾರನು ಒಡೆಯನ ಕೃಪೆಯಿಂದಲ್ಲದೆ ಶಾಸನಬಲದಿಂದಲೇ ಉಳುವ ನೆಲಕ್ಕೆ ಹಕ್ಕುದಾರನಾದನು. ಇದು ಯೌಗಿಕಾರ್ಥದ ಭಾಗ್ಯ. ಆದರೆ ಅರಳಗುಪ್ಪೆಯ ಸೀಮೆಯಲ್ಲಿ ತೆಂಗಿನ ಮರವೇರಿ ಕಾಯಿ ಕೀಳುವ ಕೂಲಿಯವನು ಗೇಣಿದಾರನಲ್ಲವಾದುದರಿಂದ ಆ ವಿಧಿಯು ಅವನನ್ನು ಮುಟ್ಟಲಿಲ್ಲ. ಅಂಥವನ ಮನೆಗೆ ಮುಟ್ಟಿದುದು ಅಕ್ಕಿ. ಅದನ್ನು ಅಲ್ಪವೆಂದು ಹಳಿಯುವುದು ಯುಕ್ತವಲ್ಲ.

ಉಚಿತದಾನದಿಂದ ಬೊಕ್ಕಸವು ಬರಿದಾಗಿ ಸೇವೆಗಳು ಸೊರಗುವುವೆಂಬುದು ಪೂರ್ವಪಕ್ಷ. ಇದು ಸರ್ವಥಾ ನಿರಾಧಾರವಲ್ಲ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯು ಸ್ತ್ರೀಯರಿಗೆ ಸರಕಾರಿ ಬಸ್ಸಿನ ದರವನ್ನು ತೆಗೆಯಿತು. ಊರಿಗೆ ಬಸ್ಸೇ ಬಾರದಿದ್ದರೆ ಆ ವಿನಾಯಿತಿಯಿಂದ ಫಲವೇನು? ಆದರೂ ದೋಷವು ಎಡಪಂಥಕ್ಕೇ ವಿಶಿಷ್ಟವಲ್ಲ. ‘ಭಾಗ್ಯಲಕ್ಷ್ಮಿ’ ಎಂಬ ಹೆಸರು 2006ರಲ್ಲಿ ಭಾಜಪವು ಸೇರಿದ್ದ ಮೈತ್ರಿ ಸರಕಾರದ್ದು.

ಆದುದರಿಂದ ಸಿದ್ಧಾಂತವಿಷ್ಟು: ಇಂಥ ಸರಕಾರಗಳು ಕೊಟ್ಟುದನ್ನು ಪಾಲೆಂದು ಶಾಸನದಲ್ಲಿ ನಿಲ್ಲಿಸಿದಷ್ಟೂ ಹಿತ. 2013ರ ರಾಷ್ಟ್ರೀಯ ಆಹಾರ ಭದ್ರತಾ ಶಾಸನವು ಧಾನ್ಯವನ್ನು ಹಕ್ಕೆಂದೇ ಹೇಳಿತು. ಕರ್ತವ್ಯವನ್ನು ವರವೆಂದು ಕರೆದರೆ ಹೊಟ್ಟೆ ತುಂಬೀತು. ಕೊಡುವವನೂ ಕೊಳ್ಳುವವನೂ ಸಮಾನರಾಗರು.